ನೀಲಿ ಎಪಾಕ್ಸಿಯಲ್ಲಿ ಕಬ್ಬಿಣದ ಪುಡಿ

"ನಿಮಗೇನು ಕಣ್ಣಿಲ್ವಾ?" ಅಂತ ನಾನು ವೆಲ್ಡರ್‌ನ ಶೆಡ್ಡಿಗೆ ನುಗ್ಗಿದಾಗ ಅವನು ಗ್ರೈಂಡರ್ ಆಫ್ ಮಾಡಿ, ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದ.

ನಾನು ಮರಗೆಲಸದವಳು. ನಮ್ಮಿಬ್ಬರ ಶೆಡ್ಡುಗಳ ನಡುವೆ ಇರೋದು ಎದೆಮಟ್ಟದ ಗೋಡೆ ಮಾತ್ರ. ಅಕ್ಕನ ಹೊಸ ಕ್ಲಿನಿಕ್ಕಿಗೆ ಟೇಬಲ್ ಮಾಡ್ತಿದ್ವಿ. ಮರ ನನ್ನದು, ಕಬ್ಬಿಣದ ಕಾಲು ಅವನದು. ಹಲಗೆ ಅಪ್ಪ ತೀರಿಕೊಳ್ಳುವ ಮುಂಚೆ ಕೊಯ್ದಿಟ್ಟಿದ್ದು, ಅಂಥದ್ದು ಇನ್ನೊಂದಿಲ್ಲ. ಅದರ ಉದ್ದನೆಯ ಬಿರುಕಿಗೆ ಬೆಳಿಗ್ಗೆಯಷ್ಟೇ ನೀಲಿ ಎಪಾಕ್ಸಿ ಅಂಟು ಸುರಿದಿದ್ದೆ. ಗಟ್ಟಿಯಾಗುವ ಮೊದಲೇ ಅವನ ಗ್ರೈಂಡರ್‌ನಿಂದ ಹಾರಿ ಗೋಡೆ ದಾಟಿ ಬಂದ ಕಬ್ಬಿಣದ ಪುಡಿ ಅದರ ತುಂಬ ಕರಿಚುಕ್ಕೆ ಇಟ್ಟಿತ್ತು.

"ಇವತ್ತು ಸುರೀತೀನಿ ಅಂತ ಒಂದು ಮಾತು ಹೇಳಬಹುದಿತ್ತು," ಅಂದ.

"ನಿಮ್ಮ ಹತ್ರ ನಾನು ಮಾತಾಡಲ್ಲ."

"ಗೊತ್ತು. ಎಂಟು ದಿನ ಆಯ್ತು. ಕಾಲು ಇವತ್ತೇ ಬೇಕು ಅಂತ ಮೆಸೇಜ್ ಮಾತ್ರ ಹಾಕ್ತೀರಿ."

ತಪ್ಪು ನನ್ನದೂ ಇತ್ತು. ಒಪ್ಪಿಕೊಳ್ಳೋ ಬದಲು ಬಾಗಿಲು ದಡಾರನೆ ಹಾಕಿ ಬಂದೆ.

ಮರುದಿನ ಉಳಿ ಹಿಡಿದು ಬಂದ.

"ಹಲಗೆ ಮುಟ್ಟಿದರೆ ಜೋಕೆ."

"ಹಲಗೆ ನಿಮ್ಮದೇ. ಪುಡಿ ನನ್ನದು, ತಗೊಂಡು ಹೋಗ್ತೀನಿ."

ಎರಡು ದಿನ ಎದುರುಬದುರು ಕೂತು ಆ ನೀಲಿಯನ್ನು ಚೂರುಚೂರಾಗಿ ಕೆತ್ತಿ ತೆಗೆದೆವು. ಮರದ ಅಂಚು ಹತ್ತಿರ ಬಂದರೆ ಅವನ ಒರಟು ಕೈ, ಮಗುವಿನ ಉಗುರು ಕತ್ತರಿಸುವಷ್ಟು ಮೆತ್ತಗಾಗುತ್ತಿತ್ತು. ನೋಡಬಾರದು ಅಂದುಕೊಂಡೇ ನೋಡಿದೆ. ಅವನು ತಲೆ ಎತ್ತಿದ. ಸಿಕ್ಕಿಬಿದ್ದೆ.

"ಏನು?"

"ಉಳಿ ಹಿಡಿಯೋಕೆ ಬರಲ್ಲ ನಿಮಗೆ."

"ಕಲಿಸಿ."

"ಟೈಮ್ ಎಲ್ಲಿದೆ? ಬೇರೆ ಊರಲ್ಲಿ ಕೆಲಸ ಸಿಕ್ಕಿದೆಯಂತಲ್ಲ. ಶೆಡ್ಡು ಖಾಲಿ ಮಾಡ್ತೀರಂತೆ."

ಉಳಿ ನಿಂತಿತು. "ಅದಕ್ಕಾ ಮಾತು ಬಿಟ್ಟಿದ್ದು?"

"ಅಕ್ಕನ ಬಾಯಲ್ಲಿ ಕೇಳಬೇಕಾಯ್ತು ನಾನು."

"ಮೂರು ವರ್ಷ ದಿನಾ ನಿಮ್ಮ ಹತ್ರ ಬೈಸಿಕೊಂಡಿದ್ದೀನಿ," ಅಂದ ಮೆಲ್ಲಗೆ. "ಅದಿಲ್ಲದ ಊರಿಗೆ ಹೋಗ್ತೀನಿ ಅಂತ ನಿಮಗೇ ಹೇಳೋಕೆ ಬಾಯಿ ಬರಲಿಲ್ಲ."

ನನ್ನ ಉಳಿ ಎತ್ತಿಕೊಂಡೆ. "ಕೆಲಸ ನೋಡಿ," ಅಂದೆ.

ಎರಡನೇ ಸಲ ಸುರಿದ ಎಪಾಕ್ಸಿ ಗಾಜಿನಂತೆ ತಿಳಿಯಾಗಿ ಗಟ್ಟಿಯಾಯ್ತು. ಸುರಿದ ನಾಲ್ಕನೇ ದಿನ ಹಲಗೆ ಬೋರಲು ಹಾಕಿ, ಕಾಲು ಕೂರಿಸಿದೆವು. ಕೊನೆಯ ಬೋಲ್ಟ್ ಬಿಗಿಯುತ್ತಾ ಕೇಳಿದ, "ಬೈಯೋದು ಇನ್ನೇನಾದ್ರೂ ಬಾಕಿ ಇದೆಯಾ?"

"ಇದೆ. ಹೋಗಬೇಡ."

ಮೂರು ವರ್ಷದಲ್ಲಿ ಒಮ್ಮೆಯೂ ಅವನನ್ನು ಏಕವಚನದಲ್ಲಿ ಮಾತಾಡಿಸಿರಲಿಲ್ಲ. ಅವನ ಕಿವಿ ಕೆಂಪಾಯ್ತು.

"ಕೇಳಿಸಲಿಲ್ಲ."

"ಕೇಳಿಸಿದೆ ನಿನಗೆ. ಆ ತುದಿ ಹಿಡಿ."

ಹಿಡಿದ. ಟೇಬಲ್ ಮಗುಚಿ ನಿಲ್ಲಿಸಿದೆವು, ಅಲುಗಾಡಲಿಲ್ಲ. ಅವನು ಅದಕ್ಕೆ ಸುತ್ತು ಹಾಕಿ ನನ್ನ ಕಡೆಗೆ ಬಂದ. ಅವನ ಕೈ ಹಿಡಿದದ್ದು ನಾನೇ.

"ಶೆಡ್ಡಿನ ಓನರ್‌ಗೆ ಫೋನ್ ಮಾಡಬೇಕು, ಖಾಲಿ ಮಾಡಲ್ಲ ಅಂತ," ಅಂದ.

"ಮಾಡು."

"ಕೈ ಬಿಟ್ಟರೆ ತಾನೇ."

ನಾನು ಬಿಡಲಿಲ್ಲ.