ತೋಳಿನ ಹೊಲಿಗೆ

“ಹಾಕಬೇಡಿ… ಅವರಿಗೆ ಹಾಕಬೇಡಿ!”

ಸೂಜಿ ಹಿಡಿದ ನರ್ಸಿನ ಕೈ ಅಲ್ಲೇ ನಿಂತಿತು. ವೃದ್ಧಾಶ್ರಮದ ಊಟದ ಹಾಲ್‌ನಲ್ಲಿ ಫ್ಲೂ ಲಸಿಕೆಗೆಂದು ಸಾಲಾಗಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಕೂಗಿದವರು ಹೊಸದಾಗಿ ಬಂದು ಸೇರಿದ್ದ ನಿವೃತ್ತ ಬಸ್ ಡ್ರೈವರ್. ಎಲ್ಲರೂ ಅವರನ್ನು ಡ್ರೈವರ್ ಯಜಮಾನರು ಎನ್ನುತ್ತಿದ್ದರು.

ನರ್ಸ್ ಮುಂದೆ ರವಿಕೆಯ ತೋಳು ಮಡಚಿ ಕೂತಿದ್ದ ಟೈಲರಮ್ಮನಿಗೆ ಮೈ ಉರಿದುಹೋಯಿತು. ಗುರುತಿಲ್ಲ, ಪರಿಚಯವಿಲ್ಲ, ಇವರ‍್ಯಾರು ನನಗೆ ಹೇಳುವುದಕ್ಕೆ?

“ನೀನು ಹಾಕಮ್ಮ” ಎಂದಳು ನರ್ಸ್‌ಗೆ. “ಊರಿಗೊಂದು ದಾರಿಯಾದ್ರೆ ಎಡವಟ್ಟನಿಗೊಂದು ದಾರಿ.”

ಎಲ್ಲರೂ ನಕ್ಕರು. ಯಜಮಾನರು ಮಾತ್ರ ಲಸಿಕೆ ಹಾಕಿಸಿಕೊಳ್ಳದೆ ಎದ್ದು ಹೋದರು.

ಮರುದಿನ ಆಕೆಗೆ ತೋಳು ನೋವು, ಸಣ್ಣಗೆ ಜ್ವರ. ಅದು ತಾನಾಗಿಯೇ ಇಳಿಯುತ್ತದೆಂದು ನರ್ಸ್ ಮೊದಲೇ ಹೇಳಿದ್ದಳು. ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೇ ಯಜಮಾನರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ!

“ಹುಷಾರಾಗಿದೀರಾ?” ಎಂದರು. ಕಣ್ಣುಗಳು ಕೆಂಪಗಿದ್ದವು.

ನಾನು ಯಾವಾಗ ಸಾಯ್ತೀನಿ ಅಂತ ಕಾಯ್ತಿದ್ದಾರಾ… ಆಕೆ ದಢಾರನೆ ಬಾಗಿಲು ಹಾಕಿಕೊಂಡಳು.

ಆದರೂ ಸಿಟ್ಟು ಎಷ್ಟು ದಿನ ನಿಂತೀತು? ಸಂಜೆಯ ಚಹಾಕ್ಕೆ ಅವರು ಆಕೆಗೊಂದು ಕುರ್ಚಿ ಹಿಡಿದಿಡತೊಡಗಿದರು. ಬಸ್ಸಿನ ಕಥೆಗಳಿಗೆ ಆಕೆ ಬಿದ್ದು ಬಿದ್ದು ನಗತೊಡಗಿದಳು. ಈ ವಯಸ್ಸಿನಲ್ಲಿ ಸಂಜೆಗಾಗಿ ಕಾಯುವುದೆಂದರೆ ಆಕೆಗೇ ನಾಚಿಕೆಯಾಗುತ್ತಿತ್ತು.

ಅಷ್ಟರಲ್ಲಿ ಆಶ್ರಮದ ಹಿಂಬದಿಯ ಕಟ್ಟಡಕ್ಕೆ ಫ್ಲೂ ಬಂತು. ಅಲ್ಲಿಂದ ಆಸ್ಪತ್ರೆಗೆ ಹೋದ ಒಬ್ಬರು ಹಿಂದಿರುಗಲಿಲ್ಲ. ಲಸಿಕೆ ಹಾಕಿಸಿಕೊಳ್ಳಿ ಎಂದು ನರ್ಸ್ ಎಷ್ಟು ತಿಳಿಹೇಳಿದರೂ ಯಜಮಾನರದು ದಿನಕ್ಕೊಂದು ನೆಪ. ಅವರು ಒಮ್ಮೆ ಕೆಮ್ಮಿದರೂ ಟೈಲರಮ್ಮನ ಎದೆ ಝಲ್ಲೆನ್ನುತ್ತಿತ್ತು.

ಕೊನೆಗೆ ಒಂದು ಸಂಜೆ, ಸೂಜಿ ಕಂಡರೆ ಯಾಕಿಷ್ಟು ಭಯ ಎಂದು ಕೇಳಿಯೇಬಿಟ್ಟಳು.

ಅವರು ಚಹಾದ ಲೋಟ ಕೆಳಗಿಟ್ಟು ಹೇಳಿದರು. ಅವರ ಹೆಂಡತಿ ಸಂಜೆ ಇಂಜೆಕ್ಷನ್ ತೆಗೆದುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಹೃದಯ ಮೊದಲಿನಿಂದಲೂ ಸೋತಿತ್ತು, ಸೂಜಿಯದೇನೂ ತಪ್ಪಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರಂತೆ.

“ಬುದ್ಧಿಗೆ ಗೊತ್ತು. ಈ ಹಾಳು ಮನಸ್ಸು ಕೇಳಬೇಕಲ್ಲ? ಅದಕ್ಕೇ ಅವತ್ತು ನಿಮ್ಮ ಬಾಗಿಲ ಮುಂದೆ ಕೂತಿದ್ದೆ.”

ಟೈಲರಮ್ಮ ತನ್ನ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡಳು. ಅಯ್ಯೋ, ನಾನೇನು ತಿಳಿದುಕೊಂಡೆ…

“ನಂಗೂ ಭಯ ಇದೆ ಕಣ್ರೀ” ಎಂದಳು. “ನಿಮ್ಮ ಕುರ್ಚಿ ಖಾಲಿ ಕಂಡ್ರೆ ಕೈಕಾಲು ತಣ್ಣಗಾಗುತ್ತೆ.”

ಮರುದಿನ ಅವರು ನರ್ಸ್ ಮುಂದೆ ಬಂದು ಕೂತರು. ಆದರೆ ಹಾಕಿಕೊಂಡು ಬಂದಿದ್ದು ಬಿಗಿ ತೋಳಿನ ಅಂಗಿ! ತೋಳು ಮೇಲೆ ಹೋಗುತ್ತಿಲ್ಲ, ಇನ್ನೊಂದು ದಿನ ನೋಡೋಣ ಎಂದು ಏಳಹೊರಟರು. ಟೈಲರಮ್ಮ ಮಾತಾಡದೆ ಚೀಲದಿಂದ ಸಣ್ಣ ಕತ್ತರಿ ತೆಗೆದು ಭುಜದವರೆಗೂ ಹೊಲಿಗೆ ಬಿಚ್ಚಿದಳು. ಅವರ ಬೆವೆತ ಅಂಗೈಯನ್ನು ಹಿಡಿದುಕೊಂಡಳು. ಲಸಿಕೆ ಆಯಿತು.

ಭಯ ಈಗ ಆಕೆಯ ಪಾಲಿಗೆ ಬಂತು.

ಬೆಳಗಾಯಿತು. ತಿಂಡಿಯ ಹೊತ್ತು ಮೀರಿದರೂ ಅವರ ಸುಳಿವಿಲ್ಲ. ಒತ್ತಾಯ ಮಾಡಿದವಳು ನಾನು… ಏನಾದರೂ ಆಗಿಹೋಗಿದ್ದರೆ? ಗೋಡೆ ಹಿಡಿದುಕೊಂಡು ಅವರ ಕೋಣೆಗೆ ಹೋಗಿ ಬಾಗಿಲು ತಟ್ಟಿದಳು. ಉತ್ತರವಿಲ್ಲ. ಮತ್ತೆ ತಟ್ಟಿದಳು.

ಬಾಗಿಲು ತೆರೆಯಿತು. ಯಜಮಾನರು ಅಂಗಿಯ ಗುಂಡಿ ಹಾಕದೆ ನಿಂತಿದ್ದರು.

“ತೋಳು ನೋವು. ಗುಂಡಿ ಜೊತೆ ಗುದ್ದಾಡ್ತಿದ್ದೆ.”

ಆಕೆ ಅತ್ತೇಬಿಟ್ಟಳು. ಅಳುತ್ತಲೇ ಒಂದೊಂದಾಗಿ ಗುಂಡಿ ಹಾಕಿದಳು. ಜೀವಮಾನವೆಲ್ಲ ಅಂಗಿ ಹೊಲಿದ ಕೈ ತಪ್ಪಿ, ಮೇಲಿನ ಗುಂಡಿ ಕೆಳಗಿನ ತೂತಿಗೆ ಹೋಯಿತು.

“ತಪ್ಪು ಹಾಕಿದೀರಿ” ಎಂದರು ಅವರು ಮೆಲ್ಲಗೆ.

“ಗೊತ್ತು. ಸುಮ್ನೆ ನಿಂತ್ಕೊಳ್ಳಿ.”

“ದಿನಾ ಹಾಕಿಕೊಡ್ತೀರಾ?”

“ತೋಳು ನೋವು ಹೋಗೋವರೆಗಾ?”

“ಹೋದ ಮೇಲೂ.”

ಆಕೆ ಕಣ್ಣೊರೆಸಿಕೊಂಡು, ಹಾಕಿದ ಗುಂಡಿಗಳನ್ನು ಬಿಚ್ಚಿ ಮೊದಲಿನಿಂದ ಹಾಕತೊಡಗಿದಳು.

“ಹೂಂ” ಎಂದಳು. “ಹೋದ ಮೇಲೂ.”