ಡಾಕ್ಟರ ಮೊಣಕಾಲಿನ ಬೆಕ್ಕು

ಬೆಕ್ಕು ಕಣ್ಣು ಮುಚ್ಚಿ ಎಕ್ಸ್‌ರೇಗೆ ಹೊಕ್ಕರೆ ಲೋಕಕ್ಕೆ ಕಾಣದೇ ಎಂದು ಹಿರಿಯರು ಹೇಳಿಲ್ಲ, ಹೇಳಬೇಕಿತ್ತು. ಇದು ನಡೆದದ್ದು, ನಡೆದ ಹಾಗೆ.

ಮಂಗಳವಾರ ಬೆಳಿಗ್ಗೆ 10.20. ಎಕ್ಸ್‌ರೇ ಕೇಂದ್ರದ ಡಾಕ್ಟರು ಕುಂಟುತ್ತ ಠಾಣೆಗೆ ಬಂದರು.

"ನನ್ನ ಮೊಣಕಾಲಲ್ಲಿ ಬೆಕ್ಕಿದೆ ಸಾರ್."

"ಕಚ್ತಾ?" ಎಂದ ಕಾನ್‌ಸ್ಟೆಬಲ್.

"ಎಕ್ಸ್‌ರೇಲಿ ರೀ! ನಿನ್ನೆ ಫೋನಲ್ಲಿ ನೋಡ್ದಾಗ ಇರ್ಲಿಲ್ಲ. ನೋವು ಇಳೀಲಿಲ್ಲ ಅಂತ ಇವತ್ತು ಕಂಪ್ಯೂಟರಲ್ಲಿ ತೆರೆದು ಕಾಂಟ್ರಾಸ್ಟ್ ಏರಿಸಿದ್ರೆ, ಕೂತಿದೆ! ಯಾರೋ ಚಿತ್ರ ತಿದ್ದಿದ್ದಾರೆ. ಸುದ್ದಿ ಹೊರಗೆ ಹೋದ್ರೆ ಕೇಂದ್ರಕ್ಕೆ ಬೀಗವೇ."

ಎಫ್‌ಐಆರ್ ದಾಖಲಾಯಿತು. 11.05ಕ್ಕೆ ಇನ್‌ಸ್ಪೆಕ್ಟರ್ ಡಾಕ್ಟರು, ಕಾನ್‌ಸ್ಟೆಬಲ್ ಜೊತೆ ಕೇಂದ್ರ ತಲುಪಿ, ಇಬ್ಬರು ಪಂಚರ ಎದುರು ಪಂಚನಾಮೆ ಆರಂಭಿಸಿದರು. ಕಂಪ್ಯೂಟರಿನ ಮೂಲ ಚಿತ್ರ ಇಪ್ಪತ್ತು ಎಂ.ಬಿ. ಡಾಕ್ಟರ ಫೋನಿಗೆ ಹೋದದ್ದು ಅದನ್ನೇ ಹಿಂಡಿ ನೂರರಲ್ಲೊಂದು ಪಾಲಿಗೆ ಇಳಿಸಿದ ಪ್ರತಿ. ಸೋಮವಾರ ಸಂಜೆ 4.12ಕ್ಕೆ ತೆಗೆದ ಮೂಲವನ್ನು ಆಮೇಲೆ ಯಾರೂ ತಿದ್ದಿರಲಿಲ್ಲ.

ಚಿತ್ರ ತೆಗೆದ ಟೆಕ್ನಿಷಿಯನ್ ಬಂದಳು. ಮೂಲದ ಕಾಂಟ್ರಾಸ್ಟ್ ಏರಿಸಿದಳು. ಬೂದಿ ಕೊಡವಿಕೊಂಡಂತೆ ಬೆಕ್ಕು ಎದ್ದಿತು, ಮೀಸೆ ಸಮೇತ. ಫೋನಿನ ಪ್ರತಿಗೂ ಏರಿಸಿದಳು. ಬರೀ ಚೌಕ ಚೌಕ ಕಲೆ.

"ಇದರಲ್ಲಿ ಯಾಕಿಲ್ಲಮ್ಮ?" ಇನ್‌ಸ್ಪೆಕ್ಟರ್ ಕುರ್ಚಿ ಹತ್ತಿರ ಎಳೆದುಕೊಂಡರು.

"ಹಿಂಡುವಾಗ ಮಸುಕು ಗೆರೇನೇ ಮೊದ್ಲು ಹೋಗೋದು ಸಾರ್. ಆಮೇಲೆ ಕಾಂಟ್ರಾಸ್ಟ್ ಕೊಟ್ರೆ ಏನ್ ಬಂತು? ಒಗೆಯುವಾಗ ಉದುರಿದ ಗುಂಡಿ ಇಸ್ತ್ರಿ ಹಾಕಿದ್ರೆ ಬರುತ್ತಾ?"

ಅಂದರೆ ಬೆಕ್ಕು ಕಂಪ್ಯೂಟರಿಗೆ ನುಗ್ಗಿದ್ದಲ್ಲ. ಚಿತ್ರ ತೆಗೆಯುವಾಗಲೇ ಮೊಣಕಾಲಿನ ಕೆಳಗಿತ್ತು. 11.50ಕ್ಕೆ ಕಾನ್‌ಸ್ಟೆಬಲ್ ಆಕೆಯ ಡ್ರಾಯರ್‌ನಿಂದ ಊಟ ಸುತ್ತುವ ಅಲ್ಯುಮಿನಿಯಂ ಹಾಳೆ ತೆಗೆದ. ನಡುವೆ ಬೆಕ್ಕಿನಾಕಾರದ ತೂತು.

"ಏನಿದು?"

"ಮನೆ ಸಾರ್. ಬೆಕ್ಕು ಹೊರಗೆ ಹೋಗಿದೆ."

12.15ಕ್ಕೆ ಆಕೆಯನ್ನು ದಸ್ತಗಿರಿ ಮಾಡಲಾಯಿತು.

"ಯಾಕೆ ಮಾಡ್ದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಹೋದ ತಿಂಗಳು ನಮ್ಮಮ್ಮನ ಮಣಿಕಟ್ಟಿನ ಚಿತ್ರ ಇವರ ಫೋನಿಗೆ ಹೋಯ್ತು. ಬರೀ ಉಳುಕು ಅಂದ್ರು. ಮೂಲದಲ್ಲಿ ಕೂದಲೆಳೆ ಬಿರುಕಿತ್ತು. ಅಮ್ಮ ಇಪ್ಪತ್ತು ದಿನ ಮುರಿದ ಕೈಯಲ್ಲೇ ಬಟ್ಟೆ ಒಗೆದ್ಲು. ಫೋನಲ್ಲಿ ನೋಡ್ಬೇಡಿ ಅಂತ ಎರಡು ಸಲ ಬರೆದುಕೊಟ್ಟೆ. 'ನಂದು ಬೆಕ್ಕಿನ ಕಣ್ಣಮ್ಮಾ' ಅಂದ್ರು." ಕೊನೆಯ ಮಾತು ಡಾಕ್ಟರ ಮೂಗಿನ ದನಿಯಲ್ಲೇ ಬಂತು, ಕಾನ್‌ಸ್ಟೆಬಲ್ ಗೋಡೆಗೆ ಮುಖ ಮಾಡಿದ. "ಅವರದೇ ಕಾಲಾದ್ರೆ ಮೂಲ ತೆರೆದೇ ತೆರೀತಾರೆ, ಗೊತ್ತಿತ್ತು."

ಡಾಕ್ಟರು ಕುಂಟುತ್ತ ಬಂದು ಕಂಪ್ಯೂಟರಿನ ಮುಂದೆ ಕೂತರು.

"ಹೋದ ತಿಂಗಳ ಮೂಲ ಎಷ್ಟಿವೆ?"

"ನಾನೂರ ಹನ್ನೆರಡು."

"ಒಂದೊಂದೂ ತೆಗಿ. ಮೊದ್ಲು ಅಮ್ಮಂದು. ಸಾರ್, ದೂರು ವಾಪಸ್."

"ಎಫ್‌ಐಆರ್ ಆಗಿದೆ. ಕೋರ್ಟಲ್ಲಿ ಹೇಳ್ಬೇಕು."

"ಹೇಳ್ತೀನಿ. ಬೆಕ್ಕನ್ನೂ ಕರ್ಕೊಂಡು ಬರ್ತೀನಿ."

ಪಂಚನಾಮೆಯಲ್ಲಿ 'ಬೆಕ್ಕು, ಒಂದು' ಎಂದು ಬರೆಯುತ್ತಿದ್ದ ಕಾನ್‌ಸ್ಟೆಬಲ್ ತಲೆ ಎತ್ತಿದ. "ಗಂಡೋ ಹೆಣ್ಣೋ ಸಾರ್?"

ಮೊದಲು ನಕ್ಕವಳು ಟೆಕ್ನಿಷಿಯನ್. ಕಿಟಕಿ ಅದುರುವಂತೆ ನಕ್ಕವರು ಡಾಕ್ಟರು, ನೋಯುವ ಮೊಣಕಾಲನ್ನೇ ತಟ್ಟಿಕೊಳ್ಳುತ್ತ, ನಡುನಡುವೆ "ಅಯ್ಯಯ್ಯೋ" ಎನ್ನುತ್ತ.