ಇಮಾಮಬಿಯ ಸ್ಲೈಡುಗಳು

ಖೂಬಾ ಪ್ಲಾಟ್ ಬಡಾವಣೆಯ ತರಬೇತುಗಾರ್ತಿ ಇಮಾಮಬಿ ತೀರಿಕೊಂಡ ಮೇಲೆ, ಕಮಲಾಪುರದ ಬಾಳೆ ಬೆಳೆಯುವ ಹೆಂಗಸರಿಗೆ ತರಬೇತಿ ಕೊಡುವ ಕೆಲಸ ಪ್ರಿಯದರ್ಶಿನಿಗೆ ಬಂತು. ಇಮಾಮಬಿ ಮಾಡಿಟ್ಟಿದ್ದ ಸ್ಲೈಡುಗಳನ್ನೇ ಒಯ್ದಿದ್ದಳು. ಆದರೆ ಅವಳ ಮಾತು ಮುಗಿಯುವ ಮೊದಲೇ ಪರದೆಯ ಮೇಲಿನ ಸ್ಲೈಡು ತಾನಾಗಿ ಮುಂದೆ ಸರಿಯಿತು. ಸೆಟ್ಟಿಂಗಿನಲ್ಲಿ ಟೈಮಿಂಗ್ ತೆಗೆದುಹಾಕಿದಳು, ಆದರೂ ಸರಿಯಿತು. ಹಿಂದಕ್ಕೆ ಒಯ್ದರೆ ಮತ್ತೆ ಮುಂದೆ ಬಂತು. ಆ ಸುಡು ಮಧ್ಯಾಹ್ನದಲ್ಲೂ ಲ್ಯಾಪ್‌ಟಾಪಿನ ಕೀಲಿಗಳು ಬೆರಳಿಗೆ ತಣ್ಣಗೆ ತಾಗುತ್ತಿದ್ದವು. ಪ್ರಿಯದರ್ಶಿನಿ ಮಾತು ನಿಲ್ಲಿಸಿ, ಕೈ ಹಿಂದೆಗೆದು ಕುರ್ಚಿಯಲ್ಲಿ ಕುಳಿತಳು.

ಸ್ಲೈಡುಗಳು ನಿಧಾನವಾಗಿ ಸಾಗಿದವು. ಹೆಂಗಸರು ತಲೆಯಾಡಿಸುತ್ತಿದ್ದರು. ಒಮ್ಮೆ ಎಲ್ಲರೂ ಕೂಡಿ ನಕ್ಕರು.

ಕೊನೆಯ ಸ್ಲೈಡು ಮುಗಿದಾಗ ಚಂದಮ್ಮ ಎಂಬ ಬೆಳೆಗಾರ್ತಿ ಚಹಾ ತಂದಳು. ಪ್ರಿಯದರ್ಶಿನಿ ಕೈ ಚಾಚಿದಳು.

"ನೀವು ತಡೀರಿ. ಅಷ್ಟೊತ್ತಿಂದ ಮಾತಾಡ್ಯಾರ, ಮೊದಲ ಆ ಅಕ್ಕಾರಿಗಿ ಕೊಡ್ತೀನಿ" ಎಂದು ಚಂದಮ್ಮ ಪರದೆಯ ಹಿಂದೆ ಹೋದಳು. ಮರಳಿದಾಗ ಕಪ್ಪು ಖಾಲಿಯಾಗಿತ್ತು.